ಜೇಬಿನಲ್ಲೊಂದು ಮಡಚು ಚಾಕು: ಪದೇ ಪದೇ ಕೇಳುವ ಪ್ರಶ್ನೆಗಳು

ಜೇಬಿನಿಂದ ಚಾಕು ತೆಗೆದು ಸೀಬೆಹಣ್ಣು ಹೆಚ್ಚಿದರೆ ಸಾಕು, ಪಕ್ಕದವರ ಪ್ರಶ್ನೆಗಳು ಶುರುವಾಗುತ್ತವೆ. ಯಾಕೆ ಇಟ್ಟುಕೊಂಡಿದ್ದೀರಿ, ಪೊಲೀಸರು ಹಿಡಿಯಲ್ವಾ, ಎಷ್ಟು ಕೊಟ್ಟಿರಿ, ನನಗೂ ಒಂದು ಹೇಳಿ. ಅಂಥ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಕೊಟ್ಟಿದ್ದೇನೆ. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ: ಜೇಬಿಗೆ ಹೋಗದ, ಕೆಲಸ ಮಾಡದ ಚಾಕುಗಳನ್ನು ಡ್ರಾಯರ್‌ನಲ್ಲಿ ತುಂಬಿಡುವುದು ನನಗೆ ಹಿಡಿಸದು. ಉತ್ತರಗಳೂ ಆ ಕಡೆಗೇ ವಾಲಿವೆ.

ಸಾಂಪ್ರದಾಯಿಕ ಜೇಬು ಚಾಕು ಅಂದರೆ ಯಾವುದು?

ಅಲಗು ಹಿಡಿಯೊಳಗೆ ಮಡಚಿಕೊಳ್ಳಬೇಕು, ಬೆನ್ನಿನ ಕಡೆ ಒಂದು ಉಕ್ಕಿನ ಸ್ಪ್ರಿಂಗ್ ಇರಬೇಕು, ಲಾಕ್ ಇರಬಾರದು. ಈ ಬಗೆಗೆ ಸ್ಲಿಪ್‌ಜಾಯಿಂಟ್ ಅನ್ನುತ್ತಾರೆ. ಬಿಚ್ಚಲು ಎರಡು ಕೈ ಬೇಕು. ಅಲಗಿನ ಮೇಲಿರುವ ಸಣ್ಣ ಗೀರಿಗೆ ಉಗುರು ಸಿಕ್ಕಿಸಿ ಎಳೆಯಬೇಕು. ಒಳಗೆ ಹಿತ್ತಾಳೆ ತಗಡು, ತುದಿಗಳಲ್ಲಿ ನಿಕ್ಕಲ್ ಸಿಲ್ವರ್ ಕಟ್ಟು, ಹೊರಗೆ ಮೂಳೆ, ಕೊಂಬು ಅಥವಾ ಮರದ ಹೊದಿಕೆ. ಎಲ್ಲವನ್ನೂ ಪಿನ್ ಬಡಿದು ಕೂಡಿಸಿರುತ್ತಾರೆ, ಸ್ಕ್ರೂ ಇರುವುದಿಲ್ಲ.

ಸ್ಪ್ರಿಂಗೇ ಇಲ್ಲದೆ ಬರೀ ಬಿಗಿತದ ಮೇಲೆ ನಿಲ್ಲುವ ಚಾಕುಗಳೂ ಇದೇ ಕುಟುಂಬದವು. ಜಪಾನಿನ ಹಿಗೊನೊಕಾಮಿ ಹಾಗಿರುವುದು. ಕಪ್ಪು ಬಣ್ಣ, ಕ್ಲಿಪ್ಪು, ಬಟನ್ನು, ಒಂದೇ ಕೈಯಲ್ಲಿ ಚಟ್ ಅಂತ ಬಿಚ್ಚುವ ಚಾಕುಗಳು ಬೇರೆ ಜಾತಿ. ಅವುಗಳ ಬಗ್ಗೆ ನನಗೆ ಆಸಕ್ತಿ ಇಲ್ಲ.

ಲಾಕ್ ಇಲ್ಲ ಅಂದರೆ ಬೆರಳು ಕುಯ್ದುಕೊಳ್ಳಲ್ವಾ?

ಸರಿಯಾಗಿ ಬಳಸಿದರೆ ಇಲ್ಲ. ಅಲಗಿನ ಬಾಯಿ ಕಡೆಗೆ ಒತ್ತಡ ಬೀಳುವಾಗ ಅದು ಇನ್ನಷ್ಟು ಬಿಚ್ಚಿಕೊಳ್ಳಲು ನೋಡುತ್ತದೆ, ಮಡಚಿಕೊಳ್ಳುವುದಿಲ್ಲ. ಹಣ್ಣು ಹೆಚ್ಚುವಾಗ, ಹಗ್ಗ ಕೊಯ್ಯುವಾಗ ಹೀಗೇ ಆಗುವುದು. ಅಪಾಯ ಇರುವುದು ಎರಡು ಕಡೆ: ಮೊನೆಯಿಂದ ಚುಚ್ಚುವಾಗ ಮತ್ತು ಅಲಗಿನ ಬೆನ್ನಿನಿಂದ ಏನನ್ನಾದರೂ ಕೆರೆಯುವಾಗ. ತೆಂಗಿನಕಾಯಿಗೆ ಚುಚ್ಚಬೇಡಿ, ಡಬ್ಬಿ ಮುಚ್ಚಳ ಮೀಟಬೇಡಿ.

ಮಡಚುವಾಗ ಹಿಡಿಯನ್ನು ಪಕ್ಕಗಳಿಂದ ಹಿಡಿಯಿರಿ. ಅಲಗು ಕೂರುವ ಸಂದಿಯ ಮೇಲೆ ಬೆರಳು ಇರಬಾರದು. ಇನ್ನೊಂದು ಅಂಗೈಯಿಂದ ಅಲಗಿನ ಬೆನ್ನನ್ನು ತಳ್ಳಿ.

ಅಂಗಡಿಯಲ್ಲಿ ಚಾಕು ಹಿಡಿದು ಬಿಚ್ಚಿ ಮಡಚಿ ಕಿವಿ ಹತ್ತಿರ ಇಟ್ಟುಕೊಳ್ಳುತ್ತಾರಲ್ಲ, ಏನು ಕೇಳುತ್ತಾರೆ?

ಚಾಕುವಿನ ಜೀವ ಇರುವುದು ಅಲ್ಲೇ. ಅಲಗನ್ನು ನಿಧಾನಕ್ಕೆ ಎಳೆದರೆ ಮೊದಲು ಸ್ಪ್ರಿಂಗ್ ಸೆಟೆದು ತಡೆಯುತ್ತದೆ, ಅರ್ಧಕ್ಕೆ ಬಂದಾಗ ಕೆಲವು ಚಾಕುಗಳಲ್ಲಿ ಒಮ್ಮೆ ನಿಲ್ಲುತ್ತದೆ, ಆಮೇಲೆ ಕೊನೆಯಲ್ಲಿ ತಾನೇ ಎಳೆದುಕೊಂಡು "ಟಕ್" ಅಂತ ಕೂರುತ್ತದೆ. ಅರ್ಧದ ನಿಲುಗಡೆಗೆ ಹಾಫ್ ಸ್ಟಾಪ್ ಅನ್ನುತ್ತಾರೆ. ಆ ಜಾರುವಿಕೆ ಮತ್ತು ಸದ್ದಿಗೆ ಒಟ್ಟಿಗೆ ವಾಕ್ ಆಂಡ್ ಟಾಕ್ ಅಂತ ಹೆಸರು.

ಅಲಗಿನ ಬುಡದ ಆಕಾರ ಮತ್ತು ಸ್ಪ್ರಿಂಗಿನ ಬಿಗಿತ ಎರಡೂ ಕೂದಲೆಳೆಯಷ್ಟು ನಿಖರವಾಗಿ ಹೊಂದಿದರೆ ಮಾತ್ರ ಆ ಸದ್ದು ಬರುವುದು. ಸ್ಪ್ರಿಂಗ್ ಸಡಿಲವಿದ್ದರೆ ಅಲಗು ಸೋಮಾರಿಯಾಗಿ ಬಂದು ಕೂರುತ್ತದೆ. ಅತಿ ಬಿಗಿಯಿದ್ದರೆ ಉಗುರು ಕಿತ್ತುಬರುತ್ತದೆ. ಈ ಬಿಗಿತವನ್ನು ಸಂಗ್ರಾಹಕರು 1ರಿಂದ 10ರವರೆಗೆ ಅಂಕ ಕೊಟ್ಟು ಅಳೆಯುತ್ತಾರೆ. ದಿನಬಳಕೆಗೆ 4ರಿಂದ 6 ಚೆನ್ನ. 8 ದಾಟಿದರೆ ಹೆಮ್ಮೆಗೆ ಮಾತ್ರ.

ಚಾಕುವನ್ನು ಪೂರ್ತಿ ಬಿಚ್ಚಿ, ಅರ್ಧ ಬಿಚ್ಚಿ, ಪೂರ್ತಿ ಮಡಚಿ ಮೂರೂ ಸಲ ಬೆನ್ನಿನ ಮೇಲೆ ಬೆರಳು ಸವರಿ ನೋಡಿ. ಸ್ಪ್ರಿಂಗ್ ಮತ್ತು ಹಿತ್ತಾಳೆ ತಗಡು ಮೂರು ಸ್ಥಿತಿಯಲ್ಲೂ ಒಂದೇ ಮಟ್ಟದಲ್ಲಿ ನುಣ್ಣಗೆ ಸಿಕ್ಕರೆ ಮಾಡಿದವರ ಕೈ ಒಳ್ಳೆಯದು. ದುಬಾರಿ ಚಾಕುಗಳಲ್ಲೂ ಇದು ಯಾವಾಗಲೂ ಸಿಗುವುದಿಲ್ಲ.

ದಿನಾ ಜೇಬಲ್ಲಿಟ್ಟುಕೊಂಡು ಮಾಡೋದೇನು?

ಕೊರಿಯರ್ ಡಬ್ಬಿಯ ಟೇಪ್ ಕೊಯ್ಯುವುದು. ಹಾಲಿನ ಪ್ಯಾಕೆಟ್ ಮೂಲೆ ಕತ್ತರಿಸುವುದು. ಹೊಸ ಅಂಗಿಯ ಲೇಬಲ್ಲು, ಅಕ್ಕಿ ಚೀಲದ ಹೊಲಿಗೆ ದಾರ, ಮಗಳ ಪೆನ್ಸಿಲ್ಲು, ಬಸ್ಸಿನಲ್ಲಿ ಕೊಂಡ ಸೌತೆಕಾಯಿ. ಮಾವಿನ ಕಾಲದಲ್ಲಿ ಕೆಲಸ ಜಾಸ್ತಿ. ಹಿಂದೆ ನಮ್ಮ ಹಿರಿಯರ ಎಲೆಯಡಿಕೆ ಸಂಚಿಯಲ್ಲಿ ಅಡಕತ್ತರಿ, ಸುಣ್ಣದ ಡಬ್ಬಿಯ ಜೊತೆ ಒಂದು ಪುಟ್ಟ ಚಾಕೂ ಇರುತ್ತಿತ್ತು. ಯಾರೂ ಅದನ್ನು ವಿಚಿತ್ರವಾಗಿ ನೋಡುತ್ತಿರಲಿಲ್ಲ.

ಆತ್ಮರಕ್ಷಣೆಗೆ ಆಗುತ್ತಾ?

ಇಲ್ಲ. ಆ ಯೋಚನೆ ಇದ್ದರೆ ಕೊಳ್ಳಬೇಡಿ.

ಇಟ್ಟುಕೊಂಡು ಓಡಾಡಿದರೆ ನಮ್ಮಲ್ಲಿ ಕಾನೂನು ಏನನ್ನುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ಮುಖ್ಯ. ಆ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಕಠಾರಿ, ಭರ್ಜಿಗಳ ಜೊತೆಗೆ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳನ್ನು ಆಯುಧ ಎಂದು ಸೇರಿಸಿದ್ದಾರೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆ ಕೆಲಸಕ್ಕಾಗಿ ಮಾಡಿದವು ಅದರಿಂದ ಹೊರಗೆ. ಜೇಬು ಚಾಕುವಿನ ಅಲಗು ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಇಂಚು. ಅಂದರೆ ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ.

ಹಾಗಂತ ಎಲ್ಲಿ ಬೇಕಾದರೂ ಒಯ್ಯಬಹುದು ಅಂತಲ್ಲ. ರಾಜ್ಯಗಳಲ್ಲಿ ಬೇರೆ ಅಧಿಸೂಚನೆಗಳು ಇರಬಹುದು. ದೆಹಲಿಯಲ್ಲಿ ಬಟನ್ ಚಾಕುಗಳ ಮೇಲೆ ಪ್ರತ್ಯೇಕ ಅಧಿಸೂಚನೆಯೇ ಇದೆ. ಚುನಾವಣೆ, ಗಲಭೆ, ದೊಡ್ಡ ಮೆರವಣಿಗೆ ಇದ್ದಾಗ ನಿಷೇಧಾಜ್ಞೆ ಹಾಕುತ್ತಾರಲ್ಲ, ನಾವು ಇವತ್ತಿಗೂ 144 ಅನ್ನುವುದು, 2024ರ ಜುಲೈಯಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಅದರಲ್ಲಿ ಸಾಮಾನ್ಯವಾಗಿ ಆಯುಧ ಒಯ್ಯಬಾರದು ಅಂತ ಇರುತ್ತದೆ. ಆಗ "ಇದು ಹಣ್ಣು ಹೆಚ್ಚೋ ಚಾಕು ಸಾರ್" ಅಂತ ವಾದ ಮಾಡುವುದಕ್ಕಿಂತ ಮನೆಯಲ್ಲಿ ಬಿಟ್ಟು ಹೋಗುವುದು ಲೇಸು.

ಕೊಡವರ ಪೀಚೆಕತ್ತಿಯ ಮಾತು ಬೇರೆ. ಅದು ಉಡುಪಿನ ಭಾಗ, ಸೊಂಟದ್ದು, ಜೇಬಿನದಲ್ಲ.

ಮೆಟ್ರೋ, ಮಾಲ್, ವಿಮಾನ?

ಮೆಟ್ರೋದಲ್ಲಿ ಬ್ಯಾಗ್ ತಪಾಸಣೆ ಇರುತ್ತದೆ, ಚಾಕು ಕಂಡರೆ ತಡೆಯುತ್ತಾರೆ. ಮಾಲ್, ಕೋರ್ಟು, ವಿಧಾನಸೌಧ, ಸಿನಿಮಾ ಮಂದಿರ, ಎಲ್ಲ ಕಡೆಯೂ ಅಷ್ಟೇ. ಮೆಟ್ರೋದಲ್ಲೇ ಓಡಾಡುವವರಿಗೆ ವಾರದ ದಿನಗಳಲ್ಲಿ ಚಾಕು ಒಯ್ಯುವುದು ಆಗದ ಮಾತು. ಇದು ಈ ಹವ್ಯಾಸದ ಬೆಂಗಳೂರಿನ ಮಿತಿ, ಒಪ್ಪಿಕೊಳ್ಳಬೇಕು.

ವಿಮಾನದ ಕ್ಯಾಬಿನ್‌ಗೆ ಬೇಡವೇ ಬೇಡ. ಚೆಕ್ ಇನ್ ಬ್ಯಾಗಿನಲ್ಲಿ ಹಾಕಿ. ಅಮೆರಿಕದಲ್ಲಿ 2013ರ ಮಾರ್ಚ್‌ನಲ್ಲಿ ಸಣ್ಣ ಚಾಕುಗಳಿಗೆ ಕ್ಯಾಬಿನ್‌ನಲ್ಲಿ ಅನುಮತಿ ಕೊಡುತ್ತೇವೆ ಅಂತ ಘೋಷಿಸಿದ್ದರು. ವಿಮಾನ ಸಿಬ್ಬಂದಿ ಗಲಾಟೆ ಮಾಡಿದರು, ಜೂನ್‌ನಲ್ಲಿ ಕೈಬಿಟ್ಟರು. ಪ್ರಯಾಣದ ಹಿಂದಿನ ರಾತ್ರಿ ಬ್ಯಾಗಿನ ಸಣ್ಣ ಜೇಬುಗಳನ್ನೆಲ್ಲ ತಡಕಿ ನೋಡಿ. ಕೀ ಗೊಂಚಲಿನಲ್ಲಿ ನೇತಾಡುವ 58 ಮಿಲಿಮೀಟರಿನ ಪುಟ್ಟ ವಿಕ್ಟೋರಿನಾಕ್ಸ್ ಚಾಕುವೇ ಹೀಗೆ ಸಿಕ್ಕಿಬೀಳುವುದು.

ವಿದೇಶದಲ್ಲಿರುವ ಕನ್ನಡಿಗರಿಗೆ?

ಬ್ರಿಟನ್ನಿನಲ್ಲಿ ನಿಯಮ ಸ್ಪಷ್ಟ. ಮಡಚುವ ಚಾಕು, ಬಾಯಿ 3 ಇಂಚು ಅಂದರೆ 7.62 ಸೆಂಟಿಮೀಟರ್ ಮೀರಬಾರದು, ಲಾಕ್ ಇರಬಾರದು. ಅಷ್ಟಿದ್ದರೆ ಕಾರಣ ಹೇಳದೆ ಒಯ್ಯಬಹುದು. ಲಾಕ್ ಇದ್ದರೆ ಎಷ್ಟೇ ಚಿಕ್ಕದಾದರೂ ಈ ವಿನಾಯಿತಿ ಇಲ್ಲ. ಓಪಿನೆಲ್ 6ನೇ ನಂಬರ್ ಚಿಕ್ಕದೇ, ಆದರೆ ಅದಕ್ಕೆ ಲಾಕ್ ಉಂಗುರ ಇದೆ, ಹಾಗಾಗಿ ಅಲ್ಲಿ ನಡೆಯುವುದಿಲ್ಲ. ಉಂಗುರ ಇಲ್ಲದ 5ನೇ ನಂಬರ್ ನಡೆಯುತ್ತದೆ.

ಜರ್ಮನಿಯಲ್ಲಿ ಒಂದೇ ಕೈಯಲ್ಲಿ ಬಿಚ್ಚಿ ಲಾಕ್ ಆಗುವ ಚಾಕುಗಳನ್ನು ಸುಮ್ನೆ ಇಟ್ಟುಕೊಂಡು ಓಡಾಡುವಂತಿಲ್ಲ. 2024ರಲ್ಲಿ ಜಾತ್ರೆ ಉತ್ಸವಗಳಿಗೂ ದೂರದ ರೈಲುಗಳಿಗೂ ನಿಯಮ ಇನ್ನಷ್ಟು ಬಿಗಿ ಮಾಡಿದ್ದಾರೆ. ಜಪಾನಿನಲ್ಲಿ 6 ಸೆಂಟಿಮೀಟರ್ ದಾಟಿದ ಅಲಗಿಗೆ ತಕ್ಕ ಕಾರಣ ಬೇಕು, ಅದಕ್ಕಿಂತ ಚಿಕ್ಕದಕ್ಕೂ ಪೊಲೀಸರು ಪ್ರಶ್ನಿಸಬಹುದು. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು, ಕೆಲವು ಕಡೆ ಊರಿಗೊಂದು. ಎಲ್ಲೇ ಆಗಲಿ, ಲಾಕ್ ಇಲ್ಲದ ಹಳೇ ಮಾದರಿಯ ಚಾಕುವಿಗೆ ತಕರಾರು ಕಡಿಮೆ.

ರಾಂಪುರಿ ಚಾಕು ನಮ್ಮ ದೇಶದ್ದೇ ಅಲ್ವಾ, ಅದನ್ನೇ ಯಾಕೆ ಸಂಗ್ರಹಿಸಬಾರದು?

ಸಂಗ್ರಹಿಸಬಹುದು, ಒಯ್ಯಬೇಡಿ. ಉತ್ತರ ಪ್ರದೇಶದ ರಾಂಪುರದ ಕುಶಲಕರ್ಮಿಗಳು ನವಾಬರ ಕಾಲದಿಂದ ಮಾಡುತ್ತಾ ಬಂದ ಚಾಕು ಅದು. ಕೆಲಸಗಾರಿಕೆ ಚೆಂದವೇ. ಆದರೆ 70, 80ರ ದಶಕದ ಹಿಂದಿ ಸಿನಿಮಾಗಳ ಖಳನಾಯಕರು ಅದರ ಹೆಸರು ಕೆಡಿಸಿಬಿಟ್ಟರು. ಉದ್ದ ಅಲಗಿನ ಮೇಲೆ ಅಲ್ಲಿನ ಸರ್ಕಾರ ನಿರ್ಬಂಧ ಹಾಕಿದ ಮೇಲೆ ಕಸುಬೂ ಸೊರಗಿತು. 2023ರಲ್ಲಿ ರಾಂಪುರದ ಒಂದು ವೃತ್ತದಲ್ಲಿ ಸುಮಾರು 20 ಅಡಿಯ ದೈತ್ಯ ಚಾಕು ನಿಲ್ಲಿಸಿದ್ದಾರೆ. ಚಾಕು ಮಾಡುವವರ ಕೈಗೆ ಅದರಿಂದ ಎಷ್ಟು ಕೆಲಸ ಬಂತು ಅನ್ನುವುದು ಬೇರೆ ಪ್ರಶ್ನೆ.

ಮೊದಲ ಚಾಕು ಯಾವುದು ತಗೊಳ್ಳಲಿ?

ಖರ್ಚು ಕಡಿಮೆ ಇರಲಿ ಅಂದರೆ ಓಪಿನೆಲ್ 8ನೇ ನಂಬರ್. 1890ರಲ್ಲಿ ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ ಜೋಸೆಫ್ ಓಪಿನೆಲ್ ಮಾಡಿದ ರೈತರ ಚಾಕು. ಬೀಚ್ ಮರದ ಹಿಡಿ, ಎಂಟೂವರೆ ಸೆಂಟಿಮೀಟರ್ ಅಲಗು. 1897ರಲ್ಲಿ 1ರಿಂದ 12ರವರೆಗೆ ಅಳತೆ ಮಾಡಿ ನಂಬರ್ ಕೊಟ್ಟರು, ಮುಂದೆ 1 ಮತ್ತು 11ನ್ನು ಕೈಬಿಟ್ಟರು. ತಿರುಗಿಸುವ ಲಾಕ್ ಉಂಗುರ ಬಂದದ್ದು 1955ರಲ್ಲಿ. ಶುದ್ಧವಾದಿಗಳು ಉಂಗುರ ಇದ್ದರೆ ಸ್ಲಿಪ್‌ಜಾಯಿಂಟ್ ಅಲ್ಲ ಅಂತ ಮೂಗು ಮುರಿಯುತ್ತಾರೆ. ಮುರಿಯಲಿ. ಅಲಗು ತೆಳ್ಳಗೆ ಇರುವುದರಿಂದ ಹಣ್ಣು ಹೆಚ್ಚಲು ಇದಕ್ಕಿಂತ ಒಳ್ಳೆಯದು ಕಷ್ಟ.

ನಮ್ಮಲ್ಲಿ ಸುಲಭವಾಗಿ ಸಿಗಬೇಕು, ತುಕ್ಕಿನ ಚಿಂತೆ ಬೇಡ ಅಂದರೆ ವಿಕ್ಟೋರಿನಾಕ್ಸ್. ಸ್ವಿಟ್ಜರ್ಲೆಂಡಿನ ಇಬಾಖ್‌ನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಕಾರ್ಖಾನೆ ತೆರೆದರು, 1891ರಲ್ಲಿ ಸೈನಿಕರಿಗೆ ಚಾಕು ಕೊಟ್ಟರು, ನಾವೆಲ್ಲ ಬಲ್ಲ ಆಫೀಸರ್ ಚಾಕು 1897ರದ್ದು. ಕೆಂಪು ಪ್ಲಾಸ್ಟಿಕ್ಕಿನದಕ್ಕಿಂತ ಅಲ್ಯೂಮಿನಿಯಂ ಹಿಡಿಯ 93 ಮಿಲಿಮೀಟರಿನ ಪಯನೀರ್ ಅಥವಾ 84ರ ಕೆಡೆಟ್ ನೋಡಿ. ಅದರ "ಟಕ್" ಸದ್ದು ಎಷ್ಟೋ ದುಬಾರಿ ಚಾಕುಗಳಿಗೆ ಬರುವುದಿಲ್ಲ.

ಮೂರನೆಯದು ಅಮೆರಿಕದ ಕೇಸ್. ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್‌ನವರು. ಝಿಪ್ಪೋ ಲೈಟರಿನ ಊರೂ ಅದೇ, ಈಗ ಕೇಸ್ ಕಂಪನಿಯ ಒಡೆಯರೂ ಝಿಪ್ಪೋದವರೇ. ಮೂಳೆ ಹಿಡಿಯ ಚಾಕು ಹೇಗಿರುತ್ತದೆ ಅಂತ ತಿಳಿಯಲು ಇದೊಂದು ಇರಲಿ.

ತೋಟ ಇದ್ದವರಿಗೆ ಇನ್ನೊಂದು ಮಾತು. ಕಸಿ ಕಟ್ಟುವ ಮಡಚು ಚಾಕು ನಿಮ್ಮ ಮನೆಯಲ್ಲೇ ಇರಬಹುದು. ಅದರ ಅಲಗಿನ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲಿಗೆ ಮಾತ್ರ ಇಳಿಜಾರು. ಮಾವಿನ ಕಡ್ಡಿಯನ್ನು ಓರೆಯಾಗಿ, ಒಂದೇ ಎಳೆತಕ್ಕೆ ಸಪಾಟಾಗಿ ಕೊಯ್ಯಲು ಹಾಗೆ ಮಾಡಿರುವುದು. ಜರ್ಮನಿಯ ರಾಯ್ಟ್‌ಲಿಂಗೆನ್‌ನ ಟೀನಾ ಚಾಕುಗಳು ಈ ಕೆಲಸಕ್ಕೆ ಹೆಸರಾದವು. ಇದನ್ನು ಜೇಬು ಚಾಕು ಅಂತ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ಅದು ತಪ್ಪು.

ಮಳೆಗಾಲದಲ್ಲಿ ನನ್ನ ಓಪಿನೆಲ್ ಬಿಚ್ಚೋಕೇ ಆಗ್ತಿಲ್ಲ. ಕೆಟ್ಟಿದೆಯಾ?

ಕೆಟ್ಟಿಲ್ಲ, ಮರ ಉಬ್ಬಿದೆ. ಆಗುಂಬೆ, ಮಡಿಕೇರಿ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಇದ್ದದ್ದೇ. ಸವಾಯ್‌ನವರದ್ದೇ ಒಂದು ಉಪಾಯ ಇದೆ. ಉಂಗುರವನ್ನು ತೆರೆದ ಸ್ಥಿತಿಗೆ ತಿರುಗಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಮೆಲ್ಲಗೆ ಕುಟ್ಟಿ. ಅಲಗಿನ ಮೊನೆ ಸಂದಿಯಿಂದ ಮೇಲೇಳುತ್ತದೆ, ಹಿಡಿದು ಎಳೆದುಕೊಳ್ಳಿ. ಹಿಡಿಯನ್ನು ಅಕ್ಕಿ ಡಬ್ಬದಲ್ಲಿ ಎರಡು ದಿನ ಇಟ್ಟರೆ ಮತ್ತೆ ಸಡಿಲವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಗೆಣ್ಣಿನ, ಅಂದರೆ ಅಲಗು ತಿರುಗುವ ಕೀಲಿನ, ಸಂದಿಗೆ ಬಿಸಿ ಜೇನುಮೇಣ ಇಳಿಸಿದರೆ ತೊಂದರೆ ಕಡಿಮೆ. ಉಪ್ಪು ಕಾಗದ ಹಾಕಿ ಮರ ಉಜ್ಜುವವರಿದ್ದಾರೆ. ಬೇಸಿಗೆಯಲ್ಲಿ ಅಲಗು ಲೊಡಲೊಡ ಅನ್ನುವಾಗ ಯಾಕೆ ಉಜ್ಜಿದೆನೋ ಅನಿಸುತ್ತದೆ.

ಸ್ಟಾಕ್‌ಮನ್, ಟ್ರ್ಯಾಪರ್, ಬಾರ್ಲೋ... ಇಷ್ಟೊಂದು ಹೆಸರು ಯಾಕೆ?

ಒಂದೊಂದೂ ಒಂದೊಂದು ಕಸುಬಿಗೆ ಹುಟ್ಟಿದ್ದು. ಸ್ಟಾಕ್‌ಮನ್ ದನಕರು ಸಾಕುವವರದ್ದು. ಅದರಲ್ಲಿ ಮೂರು ಅಲಗು. ಚೂಪು ಮೊನೆಯ ಕ್ಲಿಪ್ ಎಲ್ಲ ಕೆಲಸಕ್ಕೆ. ನೇರ ಬಾಯಿಯ, ಮೊನೆಯಿಲ್ಲದ ಶೀಪ್ಸ್‌ಫೂಟ್ ಒತ್ತಿ ಕೊಯ್ಯಲು. ಮೊಂಡು ತುದಿಯ ಸ್ಪೇ ಅಲಗು ಹೋರಿಗಳ ಬೀಜ ತೆಗೆಯಲು, ಒದ್ದಾಡುವ ಪ್ರಾಣಿಗೆ ಮೊನೆ ತಾಗಬಾರದು ಅಂತ. ಈಗ ಅದೇ ಸ್ಪೇ ಅಲಗಿನಲ್ಲಿ ನಾವು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತೇವೆ.

ಟ್ರ್ಯಾಪರ್ ಬೇಟೆಯ ಚರ್ಮ ಸುಲಿಯುವವರದ್ದು. ಎರಡು ಉದ್ದ ಅಲಗು, ಎರಡೂ ಒಂದೇ ತುದಿಯಿಂದ ಬಿಚ್ಚುತ್ತವೆ. ಬಾರ್ಲೋಗೆ ತುದಿಯ ಲೋಹದ ಕಟ್ಟು ಉದ್ದ. ಅಗ್ಗದ ಚಾಕುವಿಗೂ ಗೆಣ್ಣು ಗಟ್ಟಿ ಇರಲಿ ಅಂತ ಹಾಗೆ. ಪೀನಟ್ ಅಂದರೆ ಅಂಗಿ ಜೇಬಿಗೂ ಭಾರವಾಗದ ಪುಟಾಣಿ.

ಕೇಸ್ ಚಾಕುವಿನ ಅಲಗಿನ ಬುಡದಲ್ಲಿರುವ ನಂಬರ್ ಓದಲು ಕಲಿತರೆ ಸಂಗ್ರಹದ ಮಜಾ ಶುರುವಾಗುತ್ತದೆ. 6254 ಅಂತ ಇದೆ ಅನ್ನಿ. ಮೊದಲ 6 ಅಂದರೆ ಗೀರು ಕೊರೆದ ಮೂಳೆ ಹಿಡಿ, 2 ಅಂದರೆ ಎರಡು ಅಲಗು, 54 ಅಂದರೆ ಟ್ರ್ಯಾಪರ್ ಮಾದರಿ. 6347 ಅಂದರೆ ಮೂಳೆ ಹಿಡಿ, ಮೂರು ಅಲಗು, 47ನೇ ಮಾದರಿಯ ಸ್ಟಾಕ್‌ಮನ್. 5ರಿಂದ ಶುರುವಾದರೆ ಜಿಂಕೆ ಕೊಂಬು. ಅದರ ಬಗ್ಗೆ ಕೆಳಗೆ ಓದಿ.

ವರ್ಷ ತಿಳಿಯಲು ಚುಕ್ಕಿಗಳಿವೆ. 1970ರಲ್ಲಿ ಹೆಸರಿನ ಕೆಳಗೆ ಹತ್ತು ಚುಕ್ಕಿ ಹಾಕಿದರು, ವರ್ಷಕ್ಕೊಂದರಂತೆ ಕಡಿಮೆ ಮಾಡುತ್ತಾ 1979ರಲ್ಲಿ ಒಂದಕ್ಕೆ ಬಂದರು. 1980ರಲ್ಲಿ ಮತ್ತೆ ಹತ್ತು, ಆದರೆ ಈ ಸಲ ಹೆಸರಿನ ಎಸ್ ಅಕ್ಷರ ಮಿಂಚಿನ ಆಕಾರಕ್ಕೆ ತಿರುಗಿತು. ಭೂತಗನ್ನಡಿ ಹಿಡಿದು ಚುಕ್ಕಿ ಎಣಿಸುವ ಸುಖ ಹೇಳಿ ತಿಳಿಯುವಂಥದ್ದಲ್ಲ. ತಾವು ಹುಟ್ಟಿದ ವರ್ಷದ ಚಾಕು ಹುಡುಕುವವರು ತುಂಬಾ ಜನ.

ಒಳ್ಳೆಯ ಚಾಕುಗಳೆಲ್ಲ ಕೆಲವೇ ಊರುಗಳಿಂದ ಬರುತ್ತವಲ್ಲ, ಕಾರಣ ಏನು?

ನೀರು ಮತ್ತು ಕಲ್ಲು. ಸಾಣೆ ಚಕ್ರ ತಿರುಗಿಸಲು ಇಳಿಜಾರಿನ ಹೊಳೆ, ಸಾಣೆ ಹಿಡಿಯಲು ಮರಳುಗಲ್ಲು. ಇಂಗ್ಲೆಂಡಿನ ಶೆಫೀಲ್ಡ್‌ಗೆ ಎರಡೂ ಇತ್ತು. ಅಲ್ಲಿ ಚಾಕು ಮಾಡುವವರ ಸಂಘಕ್ಕೆ 1624ರಲ್ಲೇ ಕಾನೂನಿನ ಮಾನ್ಯತೆ ಸಿಕ್ಕಿತ್ತು, ಯಾರ ಗುರುತು ಯಾರದ್ದು ಅಂತ ಅವರೇ ದಾಖಲೆ ಇಡುತ್ತಿದ್ದರು. ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಶಿಲುಬೆ ಗುರುತು ಬ್ರಿಟಿಷರ ಕಾಲದಲ್ಲಿ ಭಾರತದಲ್ಲೂ ಹೆಸರುವಾಸಿ. ಈಗಲೂ ಹಳೇ ಸಾಮಾನಿನ ಅಂಗಡಿಗಳಲ್ಲಿ ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತದೆ.

ಫ್ರಾನ್ಸಿನ ಥಿಯೇರ್‌ನಲ್ಲಿ ಡ್ಯುರೋಲ್ ಹೊಳೆ. ಅಲ್ಲಿನ ಸಾಣೆಯವರು ಚಕ್ರದ ಮೇಲೆ ಹಾಸಿದ ಹಲಗೆಯಲ್ಲಿ ಬೋರಲು ಮಲಗಿ, ಕೆಳಗೆ ಕೈ ಚಾಚಿ ಅಲಗು ಉಜ್ಜುತ್ತಿದ್ದರು. ಹೊಳೆಯ ಥಂಡಿಗೆ ಕಾಲು ಮರಗಟ್ಟಬಾರದು ಅಂತ ಕಾಲ ಮೇಲೆ ನಾಯಿ ಮಲಗಿಸಿಕೊಳ್ಳುತ್ತಿದ್ದರು! ಹಳೇ ಫೋಟೋಗಳಲ್ಲಿ ಆ ನಾಯಿಗಳನ್ನು ನೋಡಬಹುದು. ಶೆಫೀಲ್ಡ್‌ನಲ್ಲಿ ಕಲ್ಲಿನ ದೂಳು ಕುಡಿದು ಸಾಣೆಯವರು ಚಿಕ್ಕ ವಯಸ್ಸಿಗೇ ಶ್ವಾಸಕೋಶದ ಕಾಯಿಲೆಯಿಂದ ಸಾಯುತ್ತಿದ್ದರು. ಹಳೇ ಚಾಕುವಿನ ಹೊಳಪು ಮೆಚ್ಚುವಾಗ ಇದೂ ಗೊತ್ತಿರಲಿ.

ಜಪಾನಿನ ಮಿಕಿ ಊರಿನ ಹಿಗೊನೊಕಾಮಿಯ ಹಿಡಿ ಬರೀ ಮಡಚಿದ ಹಿತ್ತಾಳೆ ತಗಡು. ಅಲಗಿನ ಹಿಂದೆ ಚಾಚಿದ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಅದೇ ಲಾಕ್. ಒಂದು ಕಾಲಕ್ಕೆ ಅಲ್ಲಿನ ಶಾಲಾ ಹುಡುಗರೆಲ್ಲರ ಜೇಬಿನಲ್ಲಿ ಪೆನ್ಸಿಲ್ ಚೂಪು ಮಾಡಲು ಇದು ಇರುತ್ತಿತ್ತು. 1960ರಲ್ಲಿ ರಾಜಕೀಯ ನಾಯಕರೊಬ್ಬರ ಹತ್ಯೆಯಾದ ಮೇಲೆ ಮಕ್ಕಳ ಕೈಗೆ ಚಾಕು ಕೊಡಬಾರದು ಅನ್ನುವ ಚಳವಳಿ ಎದ್ದಿತು, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಈಗ ಆ ಹೆಸರಿನಲ್ಲಿ ಮಾಡುವ ಹಕ್ಕು ಇರುವುದು ಒಂದೇ ಮನೆತನಕ್ಕೆ.

ಹೊಸಬರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನ ಗ್ರೇಟ್ ಈಸ್ಟರ್ನ್. 2006ರಲ್ಲಿ ಶುರುವಾಗಿ, ಹಳೇ ಯಂತ್ರ ಹಳೇ ವಿಧಾನದಲ್ಲೇ ಮಾಡುತ್ತಾರೆ. ಸಣ್ಣ ಸಣ್ಣ ಕಂತಿನಲ್ಲಿ ಬಿಡುತ್ತಾರೆ, ಬಿಟ್ಟ ಗಳಿಗೆಯಲ್ಲೇ ಖಾಲಿ. ಆಮೇಲೆ ದುಪ್ಪಟ್ಟು ಬೆಲೆಗೆ ಮಾರುವವರು ಹುಟ್ಟಿಕೊಳ್ಳುತ್ತಾರೆ. ಅವರಿಂದ ಕೊಳ್ಳಬೇಡಿ ಅನ್ನುವುದು ನನ್ನ ಹಟ.

ಕಾರ್ಬನ್ ಉಕ್ಕೋ, ಸ್ಟೇನ್‌ಲೆಸ್ಸೋ?

ಮಂಗಳೂರು, ಕಾರವಾರ, ಉಡುಪಿಯವರಾದರೆ ಸ್ಟೇನ್‌ಲೆಸ್. ಕಡಲ ಗಾಳಿ ಮತ್ತು ಬೆವರು ಸೇರಿದರೆ ಕಾರ್ಬನ್ ಉಕ್ಕು ಒಂದೇ ರಾತ್ರಿಗೆ ಕೆಂಪಾಗುತ್ತದೆ. ಧಾರವಾಡ, ಬಳ್ಳಾರಿ, ಬೆಂಗಳೂರಿನವರು ಧೈರ್ಯವಾಗಿ ಕಾರ್ಬನ್ ತಗೊಳ್ಳಿ.

ಗ್ರೇಟ್ ಈಸ್ಟರ್ನ್ ಬಳಸುವ 1095 ಉಕ್ಕಿನಲ್ಲಿ ಸುಮಾರು ಶೇ. 0.95 ಇಂಗಾಲ ಇರುತ್ತದೆ. ಬೇಗ ಹರಿತವಾಗುತ್ತದೆ, ಸಾಣೆಕಲ್ಲಿನ ಮೇಲೆ ಅದರ ಹಿತವೇ ಬೇರೆ. ವಿಕ್ಟೋರಿನಾಕ್ಸ್ ಉಕ್ಕು ಸ್ವಲ್ಪ ಮೆದು, ಬೇಗ ಮೊಂಡಾಗುತ್ತದೆ, ಆದರೆ ಎರಡು ನಿಮಿಷದಲ್ಲಿ ಮತ್ತೆ ಹರಿತ. ಉಕ್ಕಿನ ಹೆಸರು ಹಿಡಿದು ಜಗಳ ಆಡುವವರನ್ನು ನೋಡಿದ್ದೇನೆ. ಟೊಮೆಟೊಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮಾವಿನಕಾಯಿ ಕೊಯ್ದ ಮೇಲೆ ಅಲಗು ಕಪ್ಪಗಾಯಿತು. ಹಾಳಾಯಿತಾ?

ಇಲ್ಲ, ಒಳ್ಳೆಯದೇ ಆಯಿತು. ಹುಳಿ ತಾಗಿ ಕಾರ್ಬನ್ ಉಕ್ಕಿನ ಮೇಲೆ ಬೂದು, ನೀಲಿ, ಕಪ್ಪು ಪದರ ಕಟ್ಟುತ್ತದೆ. ಪಟಿನಾ ಅನ್ನುತ್ತಾರೆ. ಅದು ಕೂತ ಮೇಲೆ ಕೆಂಪು ತುಕ್ಕು ಹಿಡಿಯುವುದು ಕಡಿಮೆ. ಕೆಂಪು ಕಂಡರೆ ಮಾತ್ರ ಒರೆಸಿ ತೆಗೆಯಿರಿ. ಕೆಲವರು ಸಾಸಿವೆ ಸಾಸ್ ಬಳಿದು, ನಿಂಬೆಹಣ್ಣಿಗೆ ಚುಚ್ಚಿಟ್ಟು ಬಲವಂತವಾಗಿ ಬಣ್ಣ ಬರಿಸುತ್ತಾರೆ. ನನಗೆ ಅದು ಇಷ್ಟವಿಲ್ಲ. ತೋತಾಪುರಿ ಸೀಸನ್ ಒಂದು ಕಳೆದರೆ ತಾನಾಗಿ ಬರುವ ಬಣ್ಣವೇ ಚೆಂದ.

ಕೊಬ್ಬರಿ ಎಣ್ಣೆ ಹಾಕಬಹುದಾ?

ಅಲಗಿಗೆ ತೆಳ್ಳಗೆ ಸವರಬಹುದು, ಗೆಣ್ಣಿಗೆ ಬೇಡ. 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನಲ್ಲಿ ಅಲಗು ಎಳೆದರೆ ಒಳಗೆ ಮೇಣ ತುಂಬಿದ ಹಾಗಿರುತ್ತದೆ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಕಾಲ ಕಳೆದಂತೆ ಅಂಟಾಗುತ್ತವೆ. ಮೆಡಿಕಲ್ ಅಂಗಡಿಯಲ್ಲಿ ಮಲಬದ್ಧತೆಗೆ ಕೊಡುವ ಲಿಕ್ವಿಡ್ ಪ್ಯಾರಫಿನ್ ತಗೊಳ್ಳಿ. ಬೇರೇನೂ ಬೆರೆಸದ್ದು ಬೇಕು. ಅಗ್ಗ, ಅಂಟಾಗಲ್ಲ, ಹಣ್ಣಿಗೆ ತಾಗಿದರೂ ಭಯವಿಲ್ಲ. ಗೆಣ್ಣಿಗೆ ಒಂದೇ ಹನಿ, ಹತ್ತು ಸಲ ಬಿಚ್ಚಿ ಮಡಚಿ, ಹೊರಬಂದ ಕಪ್ಪು ಒರೆಸಿ.

ಬೀದಿಯಲ್ಲಿ ಬರುವ ಸಾಣೆಯವರಿಗೆ ಕೊಡಲಾ?

ಅಡುಗೆಮನೆ ಕತ್ತರಿ ಕೊಡಿ, ಈಳಿಗೆ ಮಣೆ ಕೊಡಿ. ಇದನ್ನು ಬೇಡ. ಒಣ ಚಕ್ರ ಜೋರಾಗಿ ತಿರುಗುವಾಗ ತೆಳು ಬಾಯಿ ಕಾಯುತ್ತದೆ. ಅಂಚು ನೀಲಿಗೆ ತಿರುಗಿತು ಅಂದರೆ ಸುಮಾರು 300 ಡಿಗ್ರಿ ಮುಟ್ಟಿದೆ, ಅಷ್ಟು ಭಾಗದ ಹದ ಹೋಯಿತು.

ಮನೆಯಲ್ಲೇ ಮಾಡಿ. 1000 ನಂಬರಿನ ಒಂದು ನೀರುಗಲ್ಲು, ಅಂದರೆ ನೀರು ಹಾಕಿ ಮಸೆಯುವ ಸಾಣೆಕಲ್ಲು, ಸಾಕು. ಅಲಗನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ, ಬೆನ್ನನ್ನು 15ರಿಂದ 20 ಡಿಗ್ರಿಯಷ್ಟು ಎತ್ತಿ, ಬುಡದಿಂದ ಮೊನೆಗೆ ಎಳೆಯಿರಿ. ಇನ್ನೊಂದು ಮಗ್ಗುಲಲ್ಲಿ ಕೂದಲಿನಷ್ಟು ತೆಳುವಾದ ಮುಳ್ಳು ಬೆರಳಿಗೆ ತಾಗುವ ತನಕ ಒಂದೇ ಮಗ್ಗುಲು, ಆಮೇಲೆ ಮತ್ತೊಂದು. ಮುಳ್ಳು ಎದ್ದಿದೆಯಾ ಅಂತ ನೋಡುವಾಗ ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಜಾರಿಸಿ, ಬಾಯಿಯ ಉದ್ದಕ್ಕೆ ಎಳೆಯಬೇಡಿ. ಕೊನೆಗೆ ಹಳೇ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಕೆಲವು ಎಳೆತ. ಕಲ್ಲು ಇಲ್ಲದ ಊರಿನಲ್ಲಿ ಪಿಂಗಾಣಿ ಕಪ್ಪಿನ ತಳದ ಒರಟು ಅಂಚೂ ನಡೆಯುತ್ತದೆ.

ಜಿಂಕೆ ಕೊಂಬು, ದಂತದ ಹಿಡಿಯ ಚಾಕು ಸಿಕ್ಕರೆ ತಗೊಳ್ಳಬಹುದಾ?

ಭಾರತದಲ್ಲಿ ಕೈ ಹಾಕಬೇಡಿ. ವಿಚಿತ್ರ ಏನೆಂದರೆ, ಶೆಫೀಲ್ಡ್ ಮತ್ತು ಅಮೆರಿಕದ ಚಾಕುಗಳಿಗೆ ಬಳಸುತ್ತಿದ್ದ ಒಳ್ಳೆಯ ಕೊಂಬು ನಮ್ಮ ಕಾಡಿನ ಕಡವೆಯದ್ದೇ. ಕಡವೆ ಕೊಂಬು ಒಳಗೆ ಗಟ್ಟಿ, ಹೊರಗೆ ಚೆಂದದ ಗೆರೆ. ಕಾಡಿನಲ್ಲಿ ಉದುರಿದ್ದನ್ನು ಹೆಕ್ಕಿ ಹಡಗು ತುಂಬಿ ಕಳಿಸುತ್ತಿದ್ದರು. 1990ರ ದಶಕದ ಕೊನೆಗೆ ಭಾರತ ರಫ್ತು ನಿಲ್ಲಿಸಿತು, ಆಮೇಲೆ ಅಲ್ಲಿ ಅದರ ಬೆಲೆ ಏರುತ್ತಲೇ ಹೋಯಿತು. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. 2023ರಲ್ಲಿ ಹುಲಿ ಉಗುರಿನ ಲಾಕೆಟ್ ವಿಷಯಕ್ಕೆ ಟೀವಿ ಶೋ ನಡುವಿನಿಂದಲೇ ಒಬ್ಬರನ್ನು ಬಂಧಿಸಿದ್ದು ನೆನಪಿದೆಯಲ್ಲ? ಚಾಕುವಿನ ಹಿಡಿ ಅಂತ ರಿಯಾಯಿತಿ ಸಿಗುವುದಿಲ್ಲ.

ಮೂಳೆ ಹಿಡಿಗೆ ತೊಂದರೆ ಇಲ್ಲ. ಅದು ದನದ ಕಾಲಿನ ಮೂಳೆ. ಮನೆಯಲ್ಲಿ ಅದಕ್ಕೆ ಒಪ್ಪದವರಿದ್ದರೆ ಮರ ಅಥವಾ ಮೈಕಾರ್ಟಾ (ಬಟ್ಟೆ, ಕಾಗದವನ್ನು ರಾಳದಲ್ಲಿ ಒತ್ತಿ ಮಾಡಿದ ಗಟ್ಟಿ ಹಲಗೆ) ಹಿಡಿಯದ್ದು ನೋಡಿ. ಎಷ್ಟೋ ಮನೆಗಳಲ್ಲಿ ದೇವರ ಹಣ್ಣು ಹೆಚ್ಚಲು ಮೂಳೆ ಹಿಡಿ ನಡೆಯಲ್ಲ, ಮೊದಲೇ ಕೇಳಿಕೊಳ್ಳಿ.

ಸಂಗ್ರಹ ಅಂದರೆ ಎಷ್ಟಿರಬೇಕು?

ಸರದಿಯಲ್ಲಿ ಜೇಬಿಗೆ ಬರುವಷ್ಟು. ನನ್ನ ಪದ್ಧತಿ ಸರಳ: ತಿಂಗಳಿಗೊಂದು ಚಾಕು, ತಿಂಗಳಿಡೀ ಅದೇ. ಮೊದಲ ವಾರ ಹೊಸತಿನ ಖುಷಿ. ಎರಡನೇ ವಾರ ಅದರ ಕಿರಿಕಿರಿ ಗೊತ್ತಾಗುತ್ತದೆ: ಮೂಲೆ ತೊಡೆಗೆ ಚುಚ್ಚುತ್ತದೆ, ಉಗುರಿನ ಗೀರು ಆಳ ಸಾಲದು, ಎರಡನೇ ಅಲಗು ಮೊದಲನೆಯದಕ್ಕೆ ಉಜ್ಜುತ್ತದೆ. ತಿಂಗಳ ಕೊನೆಗೆ ವಾಪಸ್ ಇಡಲು ಮನಸ್ಸಾಗದಿದ್ದರೆ ಅದು ಉಳಿಯಲಿ. ಸರದಿ ಬಂದಾಗ "ಇದಾ?" ಅನಿಸುವ ಚಾಕುವನ್ನು ಬಳಸುವವರಿಗೆ ಕೊಟ್ಟುಬಿಡಿ. ಹೀಗೆ ಮಾಡಿದರೆ ನಿಮ್ಮ ಅಭಿರುಚಿ ಯಾವ ಮಾದರಿಯದ್ದು ಅಂತ ತಾನಾಗಿ ಗೊತ್ತಾಗುತ್ತದೆ. ನನ್ನದು ಒಂದೇ ಅಲಗಿನ ಚಾಕು ಅಂತ ತಿಳಿಯಲು ಮೂರಲಗಿನವು ಹಲವು ಬಂದು ಹೋಗಬೇಕಾಯಿತು.

ಡಬ್ಬಿಯಲ್ಲೇ ಇಟ್ಟು ಬೆಲೆ ಏರುವುದನ್ನು ಕಾಯುವವರೂ ಇದ್ದಾರೆ. ಅವರಿಗೆ ಚಿನ್ನ ಸುಲಭ ಅಲ್ವಾ?

ಬಳಸದೇ ಇರುವಾಗ ಹೇಗೆ ಇಡಲಿ?

ಚರ್ಮದ ಚೀಲದಲ್ಲಿ ಇಡಬೇಡಿ. ಹದ ಮಾಡಲು ಬಳಸಿದ ಲವಣ ಮತ್ತು ತೇವ ಸೇರಿ ಉಕ್ಕು, ಹಿತ್ತಾಳೆ ಎರಡನ್ನೂ ತಿನ್ನುತ್ತವೆ. ಎಣ್ಣೆ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಹೊಳೆಯುವ ಸೆಲ್ಯುಲಾಯ್ಡ್ (ಹಳೇ ಕಾಲದ ಪ್ಲಾಸ್ಟಿಕ್) ಹಿಡಿಯ ಹಳೇ ಚಾಕು ಇದ್ದರೆ ಅದನ್ನು ಬೇರೆಯೇ ಇಡಬೇಕು. ಸೆಲ್ಯುಲಾಯ್ಡ್ ಹಳತಾದಂತೆ ಆಮ್ಲದ ಹಬೆ ಬಿಡುತ್ತದೆ, ಪಕ್ಕದ ಚಾಕುಗಳಿಗೂ ತುಕ್ಕು ಹತ್ತಿಸುತ್ತದೆ. ಬೆಂಕಿಗೂ ಬೇಗ ಹೊತ್ತಿಕೊಳ್ಳುತ್ತದೆ.

ಲಗ್ಯೋಲ್ ಅಂತ ಅಗ್ಗಕ್ಕೆ ಸಿಗುತ್ತಿದೆ. ಅಸಲಿಯಾ?

ಲಗ್ಯೋಲ್ ಫ್ರಾನ್ಸಿನ ಒಂದು ಹಳ್ಳಿ, ಮತ್ತು ಸ್ಪ್ರಿಂಗಿನ ಮೇಲೆ ಜೇನುನೊಣದ ಕೆತ್ತನೆ ಇರುವ ಚಾಕುವಿನ ಮಾದರಿ. ಆ ಹೆಸರು ಯಾವುದೋ ಒಂದು ಕಂಪನಿಯ ಸ್ವತ್ತಲ್ಲ. ಹಾಗಾಗಿ ನೊಣದ ಚಿತ್ರ ಇದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಮಾಡಿದವರ ಹೆಸರು ಮತ್ತು ಊರು ಅಲಗಿನ ಮೇಲೆ ಇದೆಯಾ ನೋಡಿ.

ಮಕ್ಕಳಿಗೆ ಕೊಡಬಹುದಾ?

ನೀವು ಪಕ್ಕದಲ್ಲಿ ಕೂತಿದ್ದರೆ ಕೊಡಿ. ಮೊಂಡು ತುದಿಯ, ಸ್ಪ್ರಿಂಗ್ ಹೆಚ್ಚು ಬಿಗಿಯಿಲ್ಲದ ಚಾಕು ಇರಲಿ. ಓಪಿನೆಲ್‌ನವರು ಮಕ್ಕಳಿಗೆಂದೇ ದುಂಡು ತುದಿಯದ್ದು ಮಾಡುತ್ತಾರೆ. ಪೆನ್ಸಿಲ್ಲಿನಿಂದ ಶುರು ಮಾಡಿಸಿ. ಶಾಲೆ ಬ್ಯಾಗಿಗೆ ಮಾತ್ರ ಯಾವತ್ತೂ ಹೋಗಬಾರದು.

ಆಯುಧ ಪೂಜೆಗೆ ಇಡುತ್ತೀರಾ?

ಇಡುತ್ತೇನೆ. ಪೂಜೆ ಮುಗಿದ ಸಂಜೆಯೇ ಅರಿಶಿನ ಕುಂಕುಮ ಒರೆಸಿ ಎಣ್ಣೆ ಹಚ್ಚಿ. ಮರುದಿನದವರೆಗೆ ಹಸಿ ಕುಂಕುಮ ಬಿಟ್ಟರೆ ಕಾರ್ಬನ್ ಅಲಗಿನ ಮೇಲೆ ಬೊಟ್ಟು ಕಾಯಂ. ಇನ್ನೊಂದು, ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತದೆ ಅನ್ನುತ್ತಾರಲ್ಲ, ನಂಬಿಕೆ ಏನೇ ಇರಲಿ, ಮಡಚಿ ಮೇಜಿನ ಮೇಲಿಟ್ಟು ತಗೊಳ್ಳಿ ಅನ್ನುವುದು ಒಳ್ಳೆಯ ರೂಢಿಯೇ.

ಅಜ್ಜನ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದ ಚಾಕು ಸಿಕ್ಕಿದೆ. ಬಿಚ್ಚೋಕೆ ಬರ್ತಿಲ್ಲ. ಏನು ಮಾಡಲಿ?

ಮೊದಲು ಇಕ್ಕಳ ಕೆಳಗಿಡಿ. ಗೀರಿಗೆ ಇಕ್ಕಳ ಹಾಕಿ ಎಳೆದರೆ ಅಲಗಿನ ಬೆನ್ನು ಕಿತ್ತುಬರುತ್ತದೆ, ಸ್ಪ್ರಿಂಗ್ ಮುರಿದರೂ ಮುರಿಯಿತು. ಗೆಣ್ಣಿಗೆ ತೆಳು ಎಣ್ಣೆ ಬಿಟ್ಟು ಎರಡು ಮೂರು ದಿನ ಸುಮ್ಮನೆ ಬಿಡಿ, ಬೆಳಿಗ್ಗೆ ಸಂಜೆ ಮತ್ತೊಂದು ಹನಿ ಹಾಕುತ್ತಿರಿ. ಆಮೇಲೆ ಅಲಗಿನ ಗೀರಿಗೆ ನಾಣ್ಯದ ಅಂಚು ಸಿಕ್ಕಿಸಿ, ಚೂರು ಚೂರೇ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲುಗಿದರೂ ನಿಲ್ಲಿಸಿ, ಮತ್ತೆ ಎಣ್ಣೆ.

ಬಿಚ್ಚಿದ ಮೇಲೆ ಉಪ್ಪು ಕಾಗದ, ಬಫಿಂಗ್ ಚಕ್ರ ಮುಟ್ಟಬೇಡಿ. ಹೊಳಪು ಬರುತ್ತದೆ, ಆದರೆ ಮಾಡಿದವರ ಗುರುತು ಅಳಿಸಿಹೋಗುತ್ತದೆ, ಸಂಗ್ರಾಹಕರ ಕಣ್ಣಿನಲ್ಲಿ ಬೆಲೆಯೂ. ತೀರಾ ನಯವಾದ ಸ್ಟೀಲ್ ಉಣ್ಣೆಗೆ ಎಣ್ಣೆ ಅದ್ದಿ, ಕೆಂಪು ತುಕ್ಕನ್ನಷ್ಟೇ ತೆಗೆಯಿರಿ. ಕಪ್ಪು ಇರಲಿ. ಅಲಗಿನ ಬುಡವನ್ನು ಹಲ್ಲುಜ್ಜುವ ಬ್ರಷ್‌ನಿಂದ ಶುಚಿ ಮಾಡಿ ಭೂತಗನ್ನಡಿಯಲ್ಲಿ ಅಕ್ಷರ ಓದಿ. ಎರಡು ಪಕ್ಕಕ್ಕೆ ಅಲಗು ಅಲ್ಲಾಡುತ್ತಿದ್ದರೆ ಪಿನ್ ಸವೆದಿದೆ ಅಂತ. ಗೆಣ್ಣನ್ನು ಸುತ್ತಿಗೆಯಿಂದ ನೀವೇ ಬಡಿಯಲು ಹೋಗಬೇಡಿ, ಮೂಳೆ ಹಿಡಿ ಪಿನ್ನಿನ ಸುತ್ತ ಬಿರುಕು ಬಿಡುತ್ತದೆ.

ಅಲಗು ಸವೆದು ಕಡ್ಡಿಯಷ್ಟಾಗಿದ್ದರೂ ಬದಲಾಯಿಸಬೇಡಿ. ಅಷ್ಟು ಸವೆಯುವಷ್ಟು ಅಜ್ಜ ಅದನ್ನು ಮಸೆದಿದ್ದಾರೆ. ಕಲ್ಲಿನ ಮೇಲೆ ಒಮ್ಮೆ ಮಸೆದು, ನಾಳೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಅದರಲ್ಲೇ ಕೊಯ್ಯಿರಿ.